ಗುಜರಿಯ ಲೋಹದ ಸುರುಳಿ, ಹೊಂಗೆ ಎಣ್ಣೆಯ ಎಂಜಿನ್

ಕೆಟ್ಟುಹೋದ ಹವಾನಿಯಂತ್ರಕ, ಹಳೆಯ ಫ್ರಿಜ್, ಕೊಳಾಯಿ ಕೆಲಸದಲ್ಲಿ ಉಳಿದ ಕೊಳವೆ: ನಗರಗಳ ಗುಜರಿ ಅಂಗಡಿಗಳಲ್ಲಿ ಲೋಹದ ಸುರುಳಿಗಳಿಗೆ ಕೊರತೆಯಿಲ್ಲ. ತೂಕದ ಲೆಕ್ಕದಲ್ಲಿ ಮಾರಾಟವಾಗುವ ಇವುಗಳಿಗೆ ಮತ್ತೊಂದು ಉಪಯೋಗವೂ ಉಂಟು. ಸಸ್ಯಜನ್ಯ ಎಣ್ಣೆಯಿಂದ ನಡೆಯುವ ಡೀಸೆಲ್ ಎಂಜಿನ್‌ಗೆ ಇವು ಶಾಖ ವಿನಿಮಯಕಗಳಾಗಬಲ್ಲವು. ಆದರೆ ಎಲ್ಲ ಸುರುಳಿಗಳೂ ಈ ಕೆಲಸಕ್ಕೆ ಒದಗುವುದಿಲ್ಲ.

ಬಿಸಿ ಮಾಡುವುದೇಕೆ?

ಎಣ್ಣೆಯಿಂದ ಎಂಜಿನ್ ನಡೆಸುವುದು ಹೊಸ ಸಂಗತಿಯಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಒಂದು ಕಡಲೆಕಾಯಿ ಎಣ್ಣೆಯಿಂದ ನಡೆದಿತ್ತು. ಕರ್ನಾಟಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯನ್ನು 2000ರ ಆಸುಪಾಸಿನಲ್ಲಿ ಹಳ್ಳಿಗಳ ಎಂಜಿನ್‌ಗಳವರೆಗೆ ಕೊಂಡೊಯ್ದರು.

ತೊಡಕಿರುವುದು ಎಣ್ಣೆಯ ಸ್ನಿಗ್ಧತೆಯಲ್ಲಿ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಡೀಸೆಲ್‌ನ ಸ್ನಿಗ್ಧತೆ 2ರಿಂದ 4.5 ಸೆಂಟಿಸ್ಟೋಕ್ಸ್, ಸಸ್ಯಜನ್ಯ ಎಣ್ಣೆಗಳದ್ದು ಸಾಮಾನ್ಯವಾಗಿ 30ರಿಂದ 40. ಇಷ್ಟು ಮಂದವಾದ ಎಣ್ಣೆ ಇಂಜೆಕ್ಟರ್‌ನಿಂದ ಮಂಜಿನಂತೆ ಸಿಡಿಯದೆ ಹನಿಯಾಗಿ ಬೀಳುತ್ತದೆ, ಅರ್ಧಂಬರ್ಧ ಉರಿದು ಪಿಸ್ಟನ್ ರಿಂಗ್‌ಗಳಲ್ಲಿ ಕಿಟ್ಟ ಕಟ್ಟುತ್ತದೆ. 80 ಡಿಗ್ರಿಗೆ ಬಿಸಿ ಮಾಡಿದರೆ ಸ್ನಿಗ್ಧತೆ 10ರ ಆಸುಪಾಸಿಗೆ ಇಳಿಯುತ್ತದೆ. ರಾಸಾಯನಿಕವಾಗಿ ಸಂಸ್ಕರಿಸಿದ ಬಯೋಡೀಸೆಲ್‌ಗೆ ಈ ಸಾಹಸ ಬೇಕಿಲ್ಲ.

ಎಷ್ಟು ಉದ್ದ ಬೇಕು?

ಎಂಜಿನ್ ತಂಪುಮಾಡುವ ನೀರು 80ರಿಂದ 90 ಡಿಗ್ರಿ ಬಿಸಿಯಿರುತ್ತದೆ. ಆ ಶಾಖವನ್ನೇ ಬಳಸಿಕೊಂಡರಾಯಿತು. ಗಂಟೆಗೆ 2 ಲೀಟರ್ ಇಂಧನ ಕುಡಿಯುವ ಪಂಪ್‌ಸೆಟ್ಟಿನಲ್ಲಿ ಎಣ್ಣೆಯನ್ನು 25ರಿಂದ 75 ಡಿಗ್ರಿಗೆ ಏರಿಸಲು ಬೇಕಾದದ್ದು ಸುಮಾರು 50 ವ್ಯಾಟ್ ಮಾತ್ರ. ಹಳೆಯ ಕಾಲದ ಒಂದು ಬಲ್ಬ್‌ನಷ್ಟು! 6 ಮಿಲಿಮೀಟರ್ ಒಳವ್ಯಾಸದ ಕೊಳವೆಯಾದರೆ ಒಂದರಿಂದ ಒಂದೂವರೆ ಮೀಟರ್ ಸಾಕು. ಇಂಜೆಕ್ಷನ್ ಪಂಪ್‌ನಿಂದ ಟ್ಯಾಂಕಿಗೆ ಹಿಂದಿರುಗುವ ಎಣ್ಣೆ ಹೆಚ್ಚಿದ್ದರೆ ಉದ್ದವೂ ಹೆಚ್ಚಬೇಕು. ಗುಜರಿಯಿಂದ ಇಡೀ ಕಂಡೆನ್ಸರ್ ಹೊತ್ತು ತರುವವರು ಈ ಲೆಕ್ಕ ಮಾಡಿದಂತೆ ಕಾಣುವುದಿಲ್ಲ.

ಸುರುಳಿಯನ್ನು ಸೈಲೆನ್ಸರ್ ಕೊಳವೆಗೆ ಸುತ್ತುವ ಪರಿಪಾಠ ಅಪಾಯಕಾರಿ. ಹೊಗೆಯ ಶಾಖ ಹಲವು ನೂರು ಡಿಗ್ರಿ ಮುಟ್ಟುವುದರಿಂದ ಎಣ್ಣೆ ಒಳಗೇ ಕರಕಲಾಗುತ್ತದೆ, ಸೋರಿದರೆ ಬೆಂಕಿ.

ಯಾವ ಲೋಹ?

ತಾಮ್ರ ಶಾಖವನ್ನು ಚೆನ್ನಾಗಿ ಒಯ್ಯುತ್ತದೆ, ಸುಲಭವಾಗಿ ಬಾಗುತ್ತದೆ, ಎಲ್ಲೆಡೆ ಸಿಗುತ್ತದೆ. ಆದರೂ ಬಿಸಿ ಎಣ್ಣೆಗೆ ಅದು ಒಳ್ಳೆಯ ಸಂಗಾತಿಯಲ್ಲ. ತಾಮ್ರ, ಹಿತ್ತಾಳೆಗಳು ಎಣ್ಣೆಯ ಉತ್ಕರ್ಷಣವನ್ನು ಚುರುಕುಗೊಳಿಸಿ ಅದನ್ನು ಅಂಟಾಗಿಸುತ್ತವೆ. ಸತುವಿನ ಲೇಪನವಿರುವ ಕೊಳವೆಯಂತೂ ಎಣ್ಣೆಯ ಆಮ್ಲದೊಡನೆ ಸೇರಿ ಸಾಬೂನಿನಂತಹ ಗಸಿ ಕೊಡುತ್ತದೆ, ಅದು ಫಿಲ್ಟರ್‌ನಲ್ಲಿ ಕೂರುತ್ತದೆ. ಒಂದು ಮೀಟರ್ ತಾಮ್ರದಲ್ಲಿ ಎಣ್ಣೆ ಹರಿದು ಹೋಗುವುದನ್ನು ಸಹಿಸಬಹುದು. ತಾಮ್ರದ ಸುರುಳಿಯನ್ನು ಎಣ್ಣೆಯ ಟ್ಯಾಂಕಿನಲ್ಲೇ ಮುಳುಗಿಸಿಡುವುದು ತಪ್ಪು. ಸ್ಟೇನ್‌ಲೆಸ್ ಸ್ಟೀಲ್ ಸಿಕ್ಕರೆ ಅದೇ ಉತ್ತಮ.

ಗುಜರಿಯಲ್ಲಿ ಎಚ್ಚರ

ಅನಿಲ ತುಂಬಿರುವ ಸುರುಳಿಯನ್ನು ಕತ್ತರಿಸುವಂತಿಲ್ಲ. ಹಳೆಯ ಹವಾನಿಯಂತ್ರಕಗಳ ಆರ್-22 ಓಜೋನ್ ಪದರಕ್ಕೆ ಮಾರಕ. ಅದರ ಶೇಷವಿರುವ ಕೊಳವೆಗೆ ಗ್ಯಾಸ್ ಬೆಂಕಿ ಹಿಡಿದರೆ ಫಾಸ್ಜೀನ್‌ನಂತಹ ವಿಷಾನಿಲ ಹುಟ್ಟಬಹುದು. ಈಚಿನ ಅನೇಕ ಫ್ರಿಜ್‌ಗಳಲ್ಲಿರುವ ಐಸೊಬ್ಯೂಟೇನ್ ಕಿಡಿ ತಾಗಿದರೆ ಸುಲಭವಾಗಿ ಹೊತ್ತಿ ಉರಿಯುವಂಥದ್ದು. ತಂತ್ರಜ್ಞರಿಂದ ಅನಿಲ ತೆಗೆಸಿ, ಒಳಗಿನ ಕಂಪ್ರೆಸರ್ ಎಣ್ಣೆ ತೊಳೆದ ಬಳಿಕವೇ ಕೆಲಸ ಆರಂಭವಾಗಬೇಕು.

ಕೊಳವೆಯನ್ನು ಬಾಗಿಸುವ ಮುನ್ನ ಒಣ ಮರಳು ತುಂಬಿದರೆ ನೆಗ್ಗುವುದಿಲ್ಲ. ನಂತರ ಮರಳು ಒಂದು ಕಣವೂ ಉಳಿಯಬಾರದು. ಬೆಸುಗೆಯಾದ ಸುರುಳಿಗೆ ಗಾಳಿ ತುಂಬಿ, ಪಂಕ್ಚರ್ ಅಂಗಡಿಯವರು ಟ್ಯೂಬನ್ನು ಅದ್ದುವಂತೆ ನೀರಿನಲ್ಲಿ ಅದ್ದಿ ನೋಡಬೇಕು. ಎಂಜಿನ್ ನೀರಿನ ಒತ್ತಡ ಎಣ್ಣೆಯ ಒತ್ತಡಕ್ಕಿಂತ ಹೆಚ್ಚಿದ್ದಲ್ಲಿ, ಸೂಜಿಮೊನೆಯಷ್ಟು ರಂಧ್ರವಿದ್ದರೂ ನೀರು ಇಂಧನಕ್ಕೆ ಇಳಿದು ಇಂಜೆಕ್ಷನ್ ಪಂಪ್ ತುಕ್ಕು ಹಿಡಿಯುತ್ತದೆ. ಉಳಿಸಿದ ಹಣಕ್ಕಿಂತ ಆ ಪಂಪ್‌ನ ರಿಪೇರಿ ದುಬಾರಿ.

ಎರಡು ಟ್ಯಾಂಕ್‌ಗಳ ವ್ಯವಸ್ಥೆಯೇ ಕ್ಷೇಮ. ಡೀಸೆಲ್‌ನಿಂದ ಚಾಲೂ ಮಾಡಿ, ನೀರು ಬಿಸಿಯಾದ ಮೇಲೆ ಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಕೆಲವು ನಿಮಿಷ ಮೊದಲು ಮತ್ತೆ ಡೀಸೆಲ್‌ಗೆ ಬರಬೇಕು. ನಿಧಾನ ಗತಿಯ ಲಿಸ್ಟರ್ ಮಾದರಿಯ ಪಂಪ್‌ಸೆಟ್, ಜನರೇಟರ್‌ಗಳು ಈ ಪ್ರಯೋಗಕ್ಕೆ ಹೊಂದುತ್ತವೆ. ಇಂದಿನ ಕಾಮನ್ ರೈಲ್ ಎಂಜಿನ್‌ಗಳು ಹೊಂದುವುದಿಲ್ಲ. ರಸ್ತೆಗಿಳಿಯುವ ವಾಹನವನ್ನು ಹೀಗೆ ಮಾರ್ಪಡಿಸುವವರು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನನ್ನು ಮೊದಲು ಓದಿಕೊಳ್ಳಬೇಕಾಗುತ್ತದೆ.