ಮಲೆಯೂರಿನ ಓಲೆಗರಿ, ಗಡಿನಾಡಿನ ಓದುಗ

ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಬೆಟ್ಟಕ್ಕೆ ಜೈನಪರಂಪರೆಯಲ್ಲಿ ಕನಕಗಿರಿ ಎಂಬ ಹೆಸರಿದೆ. ‘ಜೈನೇಂದ್ರ ವ್ಯಾಕರಣ’, ‘ಸರ್ವಾರ್ಥಸಿದ್ಧಿ’ಗಳ ಕರ್ತೃವಾದ ಪೂಜ್ಯಪಾದರ ತಪೋಭೂಮಿ ಇದೆಂಬುದು ಆ ಪರಂಪರೆಯ ನಂಬಿಕೆ. ‘ರಾಜಾವಳೀ ಕಥೆ’ಯನ್ನು ಬರೆದ ದೇವಚಂದ್ರ (ಜನನ 1770) ಇಲ್ಲಿಯವನು. ಮೈಸೂರು ಸೀಮೆಯ ಮೋಜಣಿಯಲ್ಲಿ ತೊಡಗಿದ್ದ ಸ್ಕಾಟ್ಲೆಂಡಿನ ಕಾಲಿನ್ ಮೆಕೆಂಜಿ 1804ರಲ್ಲಿ ಕನಕಗಿರಿಗೆ ಬಂದಾಗ, ಸ್ಥಳದ ಪೂರ್ವವೃತ್ತಾಂತವನ್ನು ತಿಳಿಸಲು ಮುಂದೆ ಬಂದವನು ಈ ದೇವಚಂದ್ರ. ಮೂರು ದಶಕಗಳ ತರುವಾಯ, 1838ರಲ್ಲಿ, ಅರಮನೆಯ ದೇವೀರಮ್ಮಣ್ಣಿಯವರ ಅಪೇಕ್ಷೆಯಂತೆ ಅವನ ‘ರಾಜಾವಳೀ ಕಥೆ’ ಸಿದ್ಧವಾಯಿತು.

ಈ ಭೇಟಿಯನ್ನು ಸಾಹಿತ್ಯಚರಿತ್ರೆಕಾರರು ‘ರಾಜಾವಳೀ ಕಥೆ’ಯ ಹಿನ್ನೆಲೆಯಾಗಿ ಮಾತ್ರ ಉಲ್ಲೇಖಿಸುವುದುಂಟು. ಆದರೆ ಅದರಲ್ಲಿ ಇನ್ನೊಂದು ಪ್ರಶ್ನೆಯೂ ಅಡಗಿದೆ. ಒಂದು ಭಾಷೆಯ ಗ್ರಂಥ ಮತ್ತೊಂದು ಭಾಷೆಯ ಓದುಗನ ಕೈಸೇರುವುದು ಹೇಗೆ? ಸೇರಿದ ಮೇಲೆ ಆ ಗ್ರಂಥ ಯಾರದು? ಬಹುಭಾಷಿಕ ಜನರಿಗೆ ಪುಸ್ತಕ ಒದಗಿಸಬೇಕಾದ ಇಂದಿನ ಸಾರ್ವಜನಿಕ ಗ್ರಂಥಾಲಯದ ಮುಂದಿರುವ ಪ್ರಶ್ನೆಯೂ ಇದೇ.

ಈ ಸೀಮೆ ಎಂದೂ ಏಕಭಾಷಿಕವಾಗಿರಲಿಲ್ಲ. ಇಂದಿನ ಚಾಮರಾಜನಗರವು ಅರಕೊಠಾರವಾಗಿದ್ದಾಗ, 1117ರಲ್ಲಿ, ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನು ಅಲ್ಲಿ ತ್ರಿಕೂಟ ಬಸದಿಯನ್ನು ಕಟ್ಟಿಸಿದನು. ಅವನ ಶಾಸನವು ತೊದವರು, ಕೊಂಗರು, ಮಲೆಯಾಳರು, ನೀಲಗಿರಿ ಇವೆಲ್ಲವನ್ನೂ ಹೆಸರಿಸುತ್ತದೆ. ಅವು ಯುದ್ಧದ ಸಂದರ್ಭದಲ್ಲಿ ಬಂದ ಹೆಸರುಗಳು, ನಿಜ. ಆದರೂ ಬಸದಿಯ ಸುತ್ತಣ ಲೋಕದಲ್ಲಿ ಎಷ್ಟು ಬಗೆಯ ನುಡಿಗಳಿದ್ದುವೆಂಬುದಕ್ಕೆ ಅದು ಸಾಕ್ಷಿ. ಬಿ. ಎಲ್. ರೈಸ್ ಅವರು 1898ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳಿವೆ. ಕನ್ನಡ, ಸಂಸ್ಕೃತಗಳ ಜೊತೆಗೆ ಚೋಳರ ಕಾಲದ ತಮಿಳು ಶಾಸನಗಳೂ ಈ ನಾಡಿಗೆ ಹೊಸತಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯಲ್ಲಿ ಹದಿನೈದನೆಯ ಶತಮಾನದಲ್ಲಿ ಬೊಮ್ಮರಸನು ‘ಸನತ್ಕುಮಾರ ಚರಿತೆ’ಯನ್ನು ರಚಿಸಿದನು. ಗುಂಡ್ಲುಪೇಟೆಯಿಂದ ದಾರಿ ಕವಲೊಡೆದು ಒಂದು ನೀಲಗಿರಿಗೆ, ಇನ್ನೊಂದು ವಯನಾಡಿಗೆ ಇಳಿಯುತ್ತದೆ. ಕನ್ನಡ ಮೂಲದ ಜೈನ ಕುಟುಂಬಗಳೂ ಬಸದಿಗಳೂ ಇಂದಿಗೂ ವಯನಾಡಿನಲ್ಲಿ ಇರುವುದು ಘಟ್ಟದ ಆಚೀಚೆ ನಡೆದ ಹಳೆಯ ಓಡಾಟದ ಫಲವೇ ಆಗಿದೆ.

ಅನ್ಯಭಾಷೆಯ ಗ್ರಂಥವನ್ನು ಜೈನಸಮಾಜ ಹೇಗೆ ಕಂಡಿತೆಂಬುದಕ್ಕೆ ಮೂಡಬಿದಿರೆಯ ಸಿದ್ಧಾಂತಗ್ರಂಥಗಳು ಶ್ರೇಷ್ಠ ನಿದರ್ಶನ. ‘ಷಟ್ಖಂಡಾಗಮ’ದ ಭಾಷೆ ಪ್ರಾಕೃತ, ಅದರ ‘ಧವಲಾ’ ವ್ಯಾಖ್ಯಾನದ ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಆದರೆ ಓಲೆಗರಿಗಳ ಮೇಲಿರುವ ಲಿಪಿ ಹಳಗನ್ನಡದ್ದು. ಉತ್ತರದ ನುಡಿಯೊಂದು ದಕ್ಷಿಣದಲ್ಲಿ ಉಳಿದದ್ದು ಇಲ್ಲಿನ ಓದುಗನ ಕಣ್ಣಿಗೆ ಪರಿಚಿತವಾದ ಅಕ್ಷರದಲ್ಲಿ. ಭಾಷೆ ದೂರದ್ದಾದರೂ ಲಿಪಿ ಬಾಗಿಲಾಯಿತು. ಆಹಾರ, ಅಭಯ, ಔಷಧಗಳ ಸಾಲಿನಲ್ಲಿ ಶಾಸ್ತ್ರವನ್ನೂ ದಾನವೆಂದು ಎಣಿಸಿದ ಸಮಾಜವಿದು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಮಾಡಿಸಿ ಹಂಚಿದ್ದು ಇದೇ ಭಾವದಿಂದ. ದಾನವೆಂದರೆ ಗ್ರಂಥವನ್ನು ಕೂಡಿಡುವುದಲ್ಲ, ಓದುವವನಿಗೆ ತಲುಪಿಸುವುದು ಎಂಬ ತಿಳಿವು ಅದರಲ್ಲಿದೆ.

ಮೆಕೆಂಜಿಯ ಸಂಗ್ರಹದ ಸ್ವರೂಪ ಬೇರೆ. ಕನ್ನಡ, ತಮಿಳು, ತೆಲುಗು, ಮಲಯಾಳ, ಮರಾಠಿ, ಸಂಸ್ಕೃತ ಮೊದಲಾದ ಭಾಷೆಗಳ ಹಸ್ತಪ್ರತಿ, ಕೈಫಿಯತ್ತು, ಶಾಸನಪ್ರತಿಗಳು ಅದರಲ್ಲಿ ಸೇರಿದುವು. ಇಷ್ಟು ಭಾಷೆಗಳನ್ನು ಅವನೊಬ್ಬನೇ ಓದಬಲ್ಲವನಾಗಿರಲಿಲ್ಲ. ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಸಹೋದರರೂ ಜೈನ ಪಂಡಿತ ಧರ್ಮಯ್ಯನೂ ಅವನಿಗೆ ಕಣ್ಣಾದರು. ಥಾಮಸ್ ಹಿಕಿ 1816ರಲ್ಲಿ ಬಿಡಿಸಿದ ಮೆಕೆಂಜಿಯ ವರ್ಣಚಿತ್ರದಲ್ಲಿ ಅವನ ಸಹಾಯಕರೂ ಜೊತೆಗೆ ನಿಂತಿರುವುದು ಈ ಋಣದ ಅಂಗೀಕಾರದಂತಿದೆ. 1821ರಲ್ಲಿ ಅವನು ತೀರಿಕೊಂಡ ಮೇಲೆ ಈಸ್ಟ್ ಇಂಡಿಯಾ ಕಂಪನಿಯು ಅವನ ಪತ್ನಿಯಿಂದ 1 ಲಕ್ಷ ರೂಪಾಯಿಗೆ ಸಂಗ್ರಹವನ್ನು ಕೊಂಡಿತು. ಎಚ್. ಎಚ್. ವಿಲ್ಸನ್ 1828ರಲ್ಲಿ ಅದರ ವಿವರಣಾತ್ಮಕ ಸೂಚಿಯನ್ನು ಪ್ರಕಟಿಸಿದನು. ಒಂದು ಭಾಗ ಲಂಡನ್ನಿಗೆ ಹೋಯಿತು. ಮದರಾಸಿಗೆ ಮರಳಿದ ಭಾಗವು ಇಂದು ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿದೆ.

ಇದರ ಪರಿಣಾಮ ಇಬ್ಬಗೆಯದು. ಗ್ರಂಥಗಳು ನಾಶವಾಗದೆ ಉಳಿದುವು. ಆದರೆ ಅವು ಹುಟ್ಟಿದ ಊರಿನ ಓದುಗರಿಂದ ದೂರವಾದುವು. ಕೈಫಿಯತ್ತನ್ನು ಹೇಳಿ ಬರೆಸಿದ ಶಾನುಭೋಗನ ಮೊಮ್ಮಗನು ಅದನ್ನು ಓದಬೇಕಾದರೆ ಬೇರೆ ರಾಜ್ಯದ ರಾಜಧಾನಿಗೆ ಹೋಗಬೇಕಾಯಿತು. 1994ರಲ್ಲಿ ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಅಚ್ಚಾದಾಗಲೇ ಆ ದೂರ ಬಹುಮಟ್ಟಿಗೆ ಕಡಿಮೆಯಾದದ್ದು.

ಈಗ ಇದೇ ನೆಲದ ಇಂದಿನ ಓದುಗರನ್ನು ಗಮನಿಸಬಹುದು. 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲದ ಭಾಗದಲ್ಲಿ ತಮಿಳು ಮನೆಮಾತಾಗಿರುವ ಕುಟುಂಬಗಳು ಹಲವು. ಗುಂಡ್ಲುಪೇಟೆಯ ಹೊಲಗಳನ್ನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯಲು ಕೇರಳದ ಕೃಷಿಕರು ಬರುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನುಡಿಗೆ ಸ್ವಂತ ಲಿಪಿಯಿಲ್ಲ. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1974ರಿಂದ ಟಿಬೆಟ್ ನಿರಾಶ್ರಿತರ ವಸತಿಯಿದೆ. ಅಲ್ಲಿನ ಮಕ್ಕಳು ಹುಟ್ಟಿದ್ದು ಕನ್ನಡ ನೆಲದಲ್ಲಿ, ಅವರ ಗ್ರಂಥಗಳ ಲಿಪಿ ಮಾತ್ರ ಹಿಮಾಲಯದ ಆಚೆಯದು.

ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ 1965ರದು. ಅದರ ಆರ್ಥಿಕ ಆಧಾರ ಗ್ರಂಥಾಲಯ ಕರ. ಸ್ಥಳೀಯ ಸಂಸ್ಥೆಗಳು ತೆರಿಗೆಯೊಡನೆ ಅದನ್ನು ವಸೂಲು ಮಾಡುತ್ತವೆ. ಈ ಕರವನ್ನು ಪಡೆಯುವಾಗ ಮನೆಯೊಡೆಯನ ಮಾತೃಭಾಷೆ ಯಾವುದೆಂದು ಯಾರೂ ಕೇಳುವುದಿಲ್ಲ. ಹಾಗಿರುವಾಗ ಪುಸ್ತಕದ ಕಪಾಟಿನ ಮುಂದೆ ಮಾತ್ರ ಆ ಭೇದ ತಲೆದೋರುವುದು ನ್ಯಾಯವಲ್ಲ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಎಂಬುದು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲೊಂದು. ಸಾರ್ವಜನಿಕ ಗ್ರಂಥಾಲಯಗಳನ್ನು ಕುರಿತ ಯುನೆಸ್ಕೊದ 1994ರ ಪ್ರಣಾಳಿಕೆಯೂ ಭಾಷಿಕ ಅಲ್ಪಸಂಖ್ಯಾತರಿಗೆ ವಿಶೇಷ ಸೇವೆ ಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ.

ಗಡಿಭಾಗದಲ್ಲಿ ಕನ್ನಡವೇ ಬಲಗೊಳ್ಳಬೇಕಾಗಿರುವಾಗ ಅನ್ಯಭಾಷೆಯ ಪುಸ್ತಕಗಳೇಕೆ ಎಂಬ ಆಕ್ಷೇಪ ಸಹಜವಾದದ್ದು, ಅಲ್ಲಗಳೆಯತಕ್ಕದ್ದಲ್ಲ. ಆದರೆ ಎರಡು ಸಂಗತಿಗಳನ್ನು ನೆನೆಯಬೇಕು. ಮೊದಲನೆಯದು, ತನ್ನ ನುಡಿಯ ಪುಸ್ತಕಕ್ಕಾಗಿ ಗ್ರಂಥಾಲಯದ ಮೆಟ್ಟಿಲೇರಿದವನೇ ಪಕ್ಕದ ಕಪಾಟಿನ ಕನ್ನಡ ಪುಸ್ತಕವನ್ನು ತೆರೆಯಬಲ್ಲವನು. ಬಾರದವನಿಗೆ ಎರಡೂ ಇಲ್ಲ. ಮಲಯಾಳ ಮತ್ತು ಕನ್ನಡ, ತಮಿಳು ಮತ್ತು ಕನ್ನಡ ಎದುರುಬದುರಾಗಿ ಅಚ್ಚಾದ ದ್ವಿಭಾಷಾ ಪುಸ್ತಕಗಳು, ಕನ್ನಡ ಲಿಪಿಯಲ್ಲಿ ಸೋಲಿಗರ ಹಾಡು ಕಥೆಗಳು, ಎರಡೂ ಲಿಪಿಗಳಲ್ಲಿ ಬರೆದ ಸೂಚಿ ಇವು ಈ ದಾರಿಯನ್ನು ಸುಗಮಗೊಳಿಸುವ ಉಪಾಯಗಳು. ಯಾವ ಪುಸ್ತಕ ಬೇಕೆಂಬುದನ್ನು ಆ ಭಾಷೆಯ ಓದುಗರನ್ನೇ ಕೇಳಿ ತೀರ್ಮಾನಿಸುವುದು ಮತ್ತೊಂದು. ಮೆಕೆಂಜಿಗೆ ಧರ್ಮಯ್ಯ ಬೇಕಾದಂತೆ ಗ್ರಂಥಪಾಲಕನಿಗೂ ಭಾಷೆ ಬಲ್ಲ ನೆರವು ಬೇಕು.

ಎರಡನೆಯದು ಇನ್ನೂ ಮುಖ್ಯವಾದದ್ದು. ಮೆಕೆಂಜಿ ಕೂಡಿಸಿದ ಕನ್ನಡದ ಕಾಗದಗಳು ಎರಡು ಶತಮಾನ ಉಳಿದದ್ದು ತಮಿಳರ ನಗರದ ಸಾರ್ವಜನಿಕ ಸಂಸ್ಥೆಯೊಂದರಲ್ಲಿ. ಅಲ್ಲಿ ಕನ್ನಡವೇ ಪರಭಾಷೆ. ಇದು ನಮ್ಮ ನುಡಿಯಲ್ಲ ಎಂದು ಅಲ್ಲಿನವರು ಆ ಕಟ್ಟುಗಳನ್ನು ಮೂಲೆಗೆ ಸರಿಸಿದ್ದರೆ ಕೈಫಿಯತ್ತುಗಳ ಸಂಪುಟ ಅಚ್ಚಾಗುವ ಮಾತೇ ಇರುತ್ತಿರಲಿಲ್ಲ. ಪರರ ಊರಿನಲ್ಲಿ ಕನ್ನಡಕ್ಕೆ ದೊರೆತ ಆ ಆಶ್ರಯವನ್ನು ಚಾಮರಾಜನಗರ, ಗುಂಡ್ಲುಪೇಟೆಗಳ ಗ್ರಂಥಾಲಯಗಳು ಮಲಯಾಳಕ್ಕೆ, ತಮಿಳಿಗೆ, ಟಿಬೆಟನ್ನಿಗೆ ನೀಡುವುದು ಔದಾರ್ಯವೆನಿಸದು. ಅದು ಹಳೆಯ ಋಣದ ಸಂದಾಯ.