ಗಾಂಜಾ, ಕಾನೂನು ಮತ್ತು ನೆತ್ತರು: ಮೆಕ್ಸಿಕೋದ ನೂರು ವರ್ಷಗಳು

ಗಾಂಜಾ ಮಾರಾಟಕ್ಕೆ ಕಾನೂನಿನ ಮಾನ್ಯತೆ ಕೊಟ್ಟರೆ ಅದರ ಹಿಂದೆ ನಡೆಯುವ ಕೊಲೆ, ಸುಲಿಗೆ, ಅಪಹರಣಗಳು ನಿಲ್ಲುತ್ತವೆಯೇ? ಹಲವು ದೇಶಗಳಲ್ಲಿ ಇಂದು ಕೇಳಿಬರುತ್ತಿರುವ ಪ್ರಶ್ನೆಯಿದು. ಗಾಂಜಾ ಸೇದುವುದು ಸರಿಯೇ ತಪ್ಪೇ ಎಂಬುದು ಬೇರೆಯೇ ವಿಷಯ. ನಶೆಯಿಂದ ಹಾಳಾದ ಮನೆಗಳನ್ನು ನಾವೆಲ್ಲರೂ ಕಂಡಿದ್ದೇವೆ, ಅದನ್ನಿಲ್ಲಿ ಸಮರ್ಥಿಸಹೊರಟಿಲ್ಲ. ಆದರೆ ನಶೆಯಿಂದಾಗುವ ಹಾನಿ ಒಂದು, ನಶೆಯ ವ್ಯಾಪಾರದಿಂದಾಗುವ ಹಾನಿ ಇನ್ನೊಂದು. ಇವೆರಡನ್ನೂ ಬೆರೆಸಿಬಿಡುವುದರಿಂದಲೇ ನಮ್ಮ ಚರ್ಚೆಗಳು ದಾರಿ ತಪ್ಪುತ್ತವೆ. ಎರಡನೆಯ ಹಾನಿಯನ್ನು ಅರಿಯಬೇಕಾದರೆ ಮೆಕ್ಸಿಕೋದ ಚರಿತ್ರೆಯನ್ನು ನೋಡಬೇಕು.

ಈ ಗಿಡ ಮೂಲತಃ ಮೆಕ್ಸಿಕೋದ್ದಲ್ಲ. ಹಗ್ಗಕ್ಕೆ, ಹಾಯಿಬಟ್ಟೆಗೆ ನಾರು ಬೇಕೆಂದು 16ನೇ ಶತಮಾನದಲ್ಲಿ ಸ್ಪೇನಿನವರು ಅದನ್ನು ಅಲ್ಲಿಗೆ ಒಯ್ದರು. ಕಾಲಕ್ರಮೇಣ ಅದು ನಾಟಿವೈದ್ಯರ ಕೈಗೂ ಅಲ್ಲಿಂದ ಸಿಪಾಯಿಗಳ, ಕೈದಿಗಳ ತುಟಿಗೂ ಬಂತು. 19ನೇ ಶತಮಾನದ ಕೊನೆಯ ಹೊತ್ತಿಗೆ, ಗಾಂಜಾ ಸೇದಿದವನು ಹುಚ್ಚೆದ್ದು ಸಿಕ್ಕಸಿಕ್ಕವರನ್ನು ಇರಿಯುತ್ತಾನೆ ಎಂದು ಅಲ್ಲಿನ ಪತ್ರಿಕೆಗಳು ಬರೆಯುತ್ತಿದ್ದವು. ಅಂದರೆ ಹಿಂಸೆ ಗಿಡದೊಳಗೇ ಇದೆ ಎಂಬ ನಂಬಿಕೆ. ಇಂಥದೇ ದೂರು ಬ್ರಿಟಿಷ್ ಭಾರತದಲ್ಲೂ ಇತ್ತು. ಅದರ ತನಿಖೆಗೆಂದು 1893ರಲ್ಲಿ ನೇಮಕಗೊಂಡ ಆಯೋಗವು ಹುಚ್ಚಾಸ್ಪತ್ರೆಗಳ ದಾಖಲೆಗಳನ್ನೂ ಜಾಲಾಡಿ, ಸಂಪೂರ್ಣ ನಿಷೇಧ ಬೇಕಿಲ್ಲ ಎಂದು ವರದಿ ಕೊಟ್ಟಿತು. ಮೆಕ್ಸಿಕೋದಲ್ಲಿ ಅಂತಹ ತನಿಖೆಯೇನೂ ನಡೆಯಲಿಲ್ಲ. 1920ರಲ್ಲಿ ದೇಶದಾದ್ಯಂತ ಗಾಂಜಾ ನಿಷೇಧವಾಯಿತು. ಅಮೆರಿಕದ ಕೇಂದ್ರ ಸರಕಾರ ಗಾಂಜಾದ ವಿರುದ್ಧ ಕಾನೂನು ತಂದದ್ದು 1937ರಲ್ಲಿ. ನಿಷೇಧವನ್ನು ಅಮೆರಿಕವೇ ಮೆಕ್ಸಿಕೋದ ಮೇಲೆ ಹೇರಿತು ಎಂಬ ಮಾತು ಅಷ್ಟರಮಟ್ಟಿಗೆ ಅರ್ಧಸತ್ಯ.

ಉಳಿದರ್ಧ ಸತ್ಯ ತಿಳಿಯಲು ಲಿಯೊಪೋಲ್ಡೊ ಸಲಜಾರ್ ವಿನಿಯೇಗ್ರಾ ಎಂಬ ಮನೋವೈದ್ಯರ ಕಥೆ ಕೇಳಬೇಕು. ಗಾಂಜಾ ಸೇದುವವರನ್ನು ವರ್ಷಗಟ್ಟಲೆ ಹತ್ತಿರದಿಂದ ಗಮನಿಸಿದ್ದ ಇವರು, ಗಾಂಜಾದಿಂದ ಹುಚ್ಚು ಹಿಡಿಯುತ್ತದೆ, ಕೊಲೆಗಳಾಗುತ್ತವೆ ಎಂಬುದು ಬರೀ ಕಟ್ಟುಕಥೆ ಎಂದು 1938ರಲ್ಲಿ ಬರೆದರು. ಅದೇ ಕಾಲದಲ್ಲಿ ಅವರು ಸರಕಾರದ ಮಾದಕ ವಸ್ತು ಇಲಾಖೆಯ ಮುಖ್ಯಸ್ಥರೂ ಆಗಿದ್ದರು. ಅವರ ತರ್ಕ ಸರಳವಾಗಿತ್ತು: ವ್ಯಸನಿ ಅಪರಾಧಿಯಲ್ಲ, ರೋಗಿ; ಅವನಿಗೆ ಬೇಕಾದ ಮದ್ದನ್ನು ವೈದ್ಯರ ಕಣ್ಣೆದುರಿಗೆ ಸರಕಾರವೇ ಅಗ್ಗದ ಬೆಲೆಗೆ ಕೊಟ್ಟರೆ ಕಳ್ಳ ವ್ಯಾಪಾರಿಯ ಬಳಿ ಯಾರು ಹೋಗುತ್ತಾರೆ? ಅಮೆರಿಕದ ಮಾದಕ ವಸ್ತು ವಿಭಾಗದ ಮುಖ್ಯಸ್ಥ ಹ್ಯಾರಿ ಆನ್‌ಸ್ಲಿಂಗರ್ ಇದನ್ನು ಸಹಿಸಲಿಲ್ಲ. ಸಲಜಾರ್ ಆ ಹುದ್ದೆಯಲ್ಲಿ ಬಹುಕಾಲ ಉಳಿಯಲಿಲ್ಲ. ಆದರೂ ಅವರ ವಿಚಾರ ಗೆದ್ದಿತು. ಅಧ್ಯಕ್ಷ ಲಜಾರೊ ಕಾರ್ಡೆನಾಸ್ ಅವರ ಸರಕಾರ 1940ರ ಫೆಬ್ರವರಿಯಲ್ಲಿ ಹೊಸ ನಿಯಮ ಜಾರಿಗೆ ತಂದಿತು. ಮೆಕ್ಸಿಕೋ ನಗರದಲ್ಲಿ ಸರಕಾರಿ ಔಷಧಾಲಯಗಳು ತೆರೆದವು. ಅಲ್ಲಿಗೆ ಬರುತ್ತಿದ್ದವರು ಮುಖ್ಯವಾಗಿ ಮಾರ್ಫಿನ್ ವ್ಯಸನಿಗಳು. ಅಮೆರಿಕ ಮೆಕ್ಸಿಕೋಕ್ಕೆ ಮಾರ್ಫಿನ್‌ನಂಥ ಔಷಧಗಳ ರಫ್ತನ್ನೇ ತಡೆಹಿಡಿಯಿತು. ಯುರೋಪಿನಲ್ಲಿ ಮಹಾಯುದ್ಧ ನಡೆಯುತ್ತಿದ್ದುದರಿಂದ ಬೇರೆಡೆಯಿಂದ ತರಿಸುವಂತೆಯೂ ಇರಲಿಲ್ಲ. ಕೆಲವೇ ತಿಂಗಳಲ್ಲಿ ಔಷಧಾಲಯಗಳ ಬಾಗಿಲು ಮುಚ್ಚಿತು. ಆ ಪ್ರಯೋಗ ಗೆಲ್ಲುತ್ತಿತ್ತೋ ಸೋಲುತ್ತಿತ್ತೋ, ನೋಡುವ ಅವಕಾಶವೇ ಸಿಗಲಿಲ್ಲ. ಒಂದಂತೂ ನಿಜ: ಅಂದು ಮೆಕ್ಸಿಕೋದಲ್ಲಿ ಕಳ್ಳ ವ್ಯಾಪಾರಿಗಳಿದ್ದರು, ಖಾಸಗಿ ಸೈನ್ಯಗಳಿರಲಿಲ್ಲ.

ಸೈನ್ಯ ಕಟ್ಟುವಷ್ಟು ಹಣ ಬಂದದ್ದು ಆಮೇಲೆ. 1960ರ ದಶಕದಲ್ಲಿ ಅಮೆರಿಕದ ಯುವಜನರಲ್ಲಿ ಗಾಂಜಾದ ಗೀಳು ಹಬ್ಬಿತು. ಸಿನಲೋವಾದ ಗುಡ್ಡಗಾಡಿನ ಬಡ ರೈತನಿಗೆ ಜೋಳಕ್ಕಿಂತ ಗಾಂಜಾ ಲಾಭದ ಬೆಳೆಯಾಯಿತು. 1969ರಲ್ಲಿ ಅಧ್ಯಕ್ಷ ನಿಕ್ಸನ್ ಗಡಿಯಲ್ಲಿ ಪ್ರತಿ ವಾಹನವನ್ನೂ ತಪಾಸಿಸುವ ಆಜ್ಞೆ ಹೊರಡಿಸಿದರು. ಗಡಿಯ ವ್ಯಾಪಾರವೇ ಸ್ತಬ್ಧವಾಗಿ ಸುಮಾರು ಮೂರು ವಾರಗಳಲ್ಲಿ ಅದನ್ನು ಕೈಬಿಡಬೇಕಾಯಿತು. 1977ರಲ್ಲಿ ಮೆಕ್ಸಿಕೋದ ಸೇನೆಯೇ ಸಿನಲೋವಾದ ಬೆಟ್ಟಗಳಿಗೆ ನುಗ್ಗಿ, ವಿಮಾನಗಳಿಂದ ವಿಷ ಸಿಂಪಡಿಸಿ ಬೆಳೆ ಸುಟ್ಟಿತು. ಹಳ್ಳಿಗರು ಊರುಬಿಟ್ಟರು. ದೊಡ್ಡ ವ್ಯಾಪಾರಿಗಳು ಮಾತ್ರ ಗ್ವಾಡಲಹಾರಾ ನಗರಕ್ಕೆ ಹೋಗಿ, ಚದುರಿಹೋಗಿದ್ದ ಧಂಧೆಯನ್ನು ಒಂದೇ ಸೂರಿನಡಿ ತಂದರು. ಸಣ್ಣವರನ್ನು ಹೊಡೆದು ದೊಡ್ಡವರನ್ನು ಇನ್ನಷ್ಟು ದೊಡ್ಡವರನ್ನಾಗಿ ಮಾಡುವ ಈ ಕ್ರಮ ಅಲ್ಲಿಗೇ ಸೀಮಿತವಲ್ಲ ಎಂಬುದನ್ನು ಓದುಗರಿಗೆ ಬೇರೆ ಹೇಳಬೇಕಿಲ್ಲ. 1984ರಲ್ಲಿ ಚಿಹುವಾಹುವಾದ ಬೃಹತ್ ಗಾಂಜಾ ತೋಟವೊಂದರ ಮೇಲೆ ದಾಳಿಯಾಯಿತು. 1985ರ ಫೆಬ್ರವರಿಯಲ್ಲಿ ಅಮೆರಿಕದ ಅಧಿಕಾರಿ ಎನ್ರಿಕೆ ಕಾಮರೆನಾ ಅವರನ್ನು ಗ್ವಾಡಲಹಾರಾದ ಗ್ಯಾಂಗು ಅಪಹರಿಸಿ, ಚಿತ್ರಹಿಂಸೆ ಕೊಟ್ಟು ಕೊಂದಿತು. ಅದೇ 1985ರಲ್ಲಿ, 1961ರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಬದ್ಧವಾಗಿ, ಭಾರತದ ಸಂಸತ್ತು ಮಾದಕ ದ್ರವ್ಯ ಕಾಯಿದೆಯನ್ನು ಅಂಗೀಕರಿಸಿತು. ಅಲ್ಲಿಯವರೆಗೆ ಪರವಾನಗಿ ಪಡೆದ ಅಂಗಡಿಗಳಲ್ಲಿ ಸಿಗುತ್ತಿದ್ದ ಗಾಂಜಾ ನಮ್ಮಲ್ಲೂ ಅಪರಾಧವಾಯಿತು.

2000ದವರೆಗೆ 71 ವರ್ಷ ಒಂದೇ ಪಕ್ಷ ಮೆಕ್ಸಿಕೋವನ್ನು ಆಳಿತು. ಪೊಲೀಸರಿಗೂ ಪುಢಾರಿಗಳಿಗೂ ಪಾಲು ಸಲ್ಲಿಸಿ ಗ್ಯಾಂಗುಗಳು ಬದುಕುತ್ತಿದ್ದವು. ಆ ಏಕಪಕ್ಷ ಹಿಡಿತ ಸಡಿಲವಾದಾಗ ಹಳೆಯ ಒಳಒಪ್ಪಂದಗಳೂ ಮುರಿದವು. 2006ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಫೆಲಿಪೆ ಕಾಲ್ಡೆರಾನ್ ಸೈನ್ಯವನ್ನು ಬೀದಿಗಿಳಿಸಿದರು. 2007ರಲ್ಲಿ 8,867 ಇದ್ದ ಕೊಲೆಗಳ ಸಂಖ್ಯೆ 2011ಕ್ಕೆ 27 ಸಾವಿರ ದಾಟಿತು. ಹಾಗೆ ಸತ್ತವರಲ್ಲಿ ಕವಿ ಹವಿಯೇರ್ ಸಿಸಿಲಿಯಾ ಅವರ 24ರ ಹರೆಯದ ಮಗನೂ ಒಬ್ಬ. ಮಗನಿಗಾಗಿ ಕೊನೆಯ ಕವಿತೆಯೊಂದನ್ನು ಓದಿ ಕಾವ್ಯಕ್ಕೆ ವಿದಾಯ ಹೇಳಿದ ಸಿಸಿಲಿಯಾ, ಮಕ್ಕಳನ್ನು ಕಳಕೊಂಡ ಇತರ ಹೆತ್ತವರನ್ನು ಕೂಡಿಕೊಂಡು 2012ರಲ್ಲಿ ಅಮೆರಿಕದುದ್ದಕ್ಕೂ ಜಾಥಾ ನಡೆಸಿದರು. ಅವರ ಬೇಡಿಕೆಗಳಲ್ಲಿ ಎರಡು ಮುಖ್ಯವಾದವು: ಮಾದಕ ವಸ್ತು ನಿಷೇಧವನ್ನು ಮರುವಿಮರ್ಶಿಸಿ, ನಿಮ್ಮ ಕೋವಿಗಳು ನಮ್ಮತ್ತ ಹರಿದುಬರುವುದನ್ನು ತಡೆಯಿರಿ.

ಮೊದಲನೆಯದರ ಒಂದು ಭಾಗ ಅದೇ ವರ್ಷ ಈಡೇರತೊಡಗಿತು. 2012ರ ನವೆಂಬರ್‌ನಲ್ಲಿ ಕೊಲರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳ ಮತದಾರರು ಗಾಂಜಾಕ್ಕೆ ಕಾನೂನಿನ ಮಾನ್ಯತೆ ನೀಡಿದರು. 2016ರಲ್ಲಿ ಕ್ಯಾಲಿಫೋರ್ನಿಯವೂ ಸೇರಿಕೊಂಡಿತು. ಕಳ್ಳ ಗಾಂಜಾಕ್ಕೆ ನಿಜಕ್ಕೂ ಪೆಟ್ಟುಬಿತ್ತು. 2013ರಲ್ಲಿ ಅಮೆರಿಕದ ಗಡಿ ಕಾವಲು ಪಡೆ ಸುಮಾರು 11 ಲಕ್ಷ ಕಿಲೋ ಗಾಂಜಾ ಹಿಡಿದಿತ್ತು. 2018ರ ಹೊತ್ತಿಗೆ ಅದು ಐದರಲ್ಲೊಂದು ಪಾಲಿಗೆ ಕುಸಿಯಿತು. ಔಷಧವಾಗಿ ಗಾಂಜಾ ಮಾರಲು ಅನುಮತಿಸಿದ ಗಡಿ ರಾಜ್ಯಗಳಲ್ಲಿ ಹಿಂಸಾತ್ಮಕ ಅಪರಾಧಗಳು ಶೇ. 13ರ ಆಸುಪಾಸಿನಲ್ಲಿ ಇಳಿದವೆಂದು ಗವ್ರಿಲೋವಾ, ಕಮಾಡ ಮತ್ತು ಝೌಟ್‌ಮನ್ ಎಂಬ ಅರ್ಥಶಾಸ್ತ್ರಜ್ಞರ ಅಧ್ಯಯನ ತೋರಿಸಿತು. ಆದರೆ ಗಮನಿಸಿ, ಇವು ಗಡಿಯ ಉತ್ತರಕ್ಕಿರುವ ಅಮೆರಿಕದ ರಾಜ್ಯಗಳು. ಗಡಿಯ ದಕ್ಷಿಣಕ್ಕೆ, ಮೆಕ್ಸಿಕೋದಲ್ಲಿ, 2018ರಲ್ಲಿ ಕೊಲೆಯಾದವರು 36 ಸಾವಿರಕ್ಕೂ ಹೆಚ್ಚು. 2017ರಿಂದ 2023ರವರೆಗಿನ ಯಾವ ವರ್ಷವೂ ಆ ಸಂಖ್ಯೆ 30 ಸಾವಿರಕ್ಕಿಂತ ಕೆಳಗಿಳಿಯಲಿಲ್ಲ. ಕಾಣೆಯಾದವರ ಸರಕಾರಿ ಪಟ್ಟಿ 2022ರಲ್ಲಿ ಒಂದು ಲಕ್ಷ ದಾಟಿತು.

ಹೀಗೇಕಾಯಿತು? ಗ್ಯಾಂಗುಗಳ ಆದಾಯದಲ್ಲಿ ಶೇ. 60ರಷ್ಟು ಗಾಂಜಾದಿಂದಲೇ ಬರುತ್ತದೆ ಎಂಬ ಲೆಕ್ಕ ಒಂದು ಕಾಲಕ್ಕೆ ಪ್ರಚಾರದಲ್ಲಿತ್ತು. 2010ರಲ್ಲಿ ರ್ಯಾಂಡ್ ಸಂಸ್ಥೆಯ ಸಂಶೋಧಕರು ಅದನ್ನು ಪರಿಶೀಲಿಸಿ, ಮಾದಕ ವಸ್ತುಗಳ ರಫ್ತಿನಿಂದ ಬರುವ ಆದಾಯದಲ್ಲಿ ಗಾಂಜಾದ ಪಾಲು ಶೇ. 15ರಿಂದ 26 ಇರಬಹುದೆಂದು ಅಂದಾಜಿಸಿದರು. ಅಷ್ಟು ಕೈತಪ್ಪಿದ್ದನ್ನು ಅವರು ಬೇರೆಡೆ ತುಂಬಿಕೊಂಡರು. ರೈತರು ಗಾಂಜಾ ಬಿಟ್ಟು ಅಫೀಮಿಗಾಗಿ ಗಸಗಸೆ ಗಿಡ ಬೆಳೆದರು. ಅಷ್ಟರಲ್ಲಿ ರಸಾಯನದಿಂದಲೇ ತಯಾರಾಗುವ ಫೆಂಟನಿಲ್ ಬಂತು. ಅದಕ್ಕೆ ಹೊಲವೂ ಬೇಡ, ರೈತನೂ ಬೇಡ. ಗೆರೆರೊ ಪ್ರಾಂತದಲ್ಲಿ ಅಫೀಮಿನ ಬೆಲೆ ನೆಲಕಚ್ಚಿತು. ಗಾಂಜಾಕ್ಕೆ ಕಾನೂನಿನ ಮಾನ್ಯತೆ ಸಿಕ್ಕಾಗಲೂ ಫೆಂಟನಿಲ್ ಬಂದಾಗಲೂ ಸೋತವನು ಅದೇ ಬೆಟ್ಟದ ರೈತ. ಗ್ಯಾಂಗುಗಳು ಪೆಟ್ರೋಲ್ ಕೊಳವೆಗಳಿಗೆ ಕನ್ನ ಹಾಕಿದವು. ಮಿಚೊವಾಕಾನ್‌ನಲ್ಲಿ ನಿಂಬೆ ಮತ್ತು ಬೆಣ್ಣೆಹಣ್ಣು ಬೆಳೆಯುವವರಿಂದ ಹಫ್ತಾ ಎತ್ತಿದವು. ನಿಂಬೆಹಣ್ಣನ್ನು ಯಾವ ಕಾನೂನೂ ನಿಷೇಧಿಸಿರಲಿಲ್ಲ.

1933ರಲ್ಲಿ ಅಮೆರಿಕ ಪಾನನಿಷೇಧ ತೆಗೆದುಹಾಕಿದಾಗಲೂ ಮಾಫಿಯಾ ಸಾಯಲಿಲ್ಲ, ಜೂಜಿಗೆ, ಹೆರಾಯಿನ್‌ಗೆ ಹೊರಳಿತು. ಆದರೆ ಅದರ ನಿಷೇಧಕ್ಕೆ ಆಗ ಬರೀ 13 ವರ್ಷ. ಮೆಕ್ಸಿಕೋದಲ್ಲಿ ನಿಷೇಧದ ಹಣ ಹಲವು ದಶಕ ಹರಿದಿದೆ. ಆ ಹಣ ಕಟ್ಟಿಬೆಳೆಸಿದ ಸಂಘಟನೆ, ಕೋವಿ, ಕೊಂಡುಕೊಂಡ ಅಧಿಕಾರಿ ಇವೆಲ್ಲ ಗಾಂಜಾದ ಬೆಲೆ ಇಳಿದ ಮಾತ್ರಕ್ಕೆ ಕರಗುವಂಥವಲ್ಲ. 1940ರಲ್ಲಿ ಕೆಲಸ ಮಾಡಬಹುದಾಗಿದ್ದ ಮದ್ದು 2012ರ ರೋಗಕ್ಕೆ ಸಾಲದಾಯಿತು ಎಂದು ನಮಗನಿಸುತ್ತದೆ. ಗಾಂಜಾ ನಿಷೇಧ ಸಂವಿಧಾನಬಾಹಿರ ಎಂದು ಮೆಕ್ಸಿಕೋದ ಸುಪ್ರೀಂ ಕೋರ್ಟು 2021ರಲ್ಲಿ ತೀರ್ಪಿತ್ತಿದ್ದು, ಈ ಕಾರಣಕ್ಕೆ, ಕೊಲೆಗಡುಕರ ನಿದ್ದೆಗೆಡಿಸಿರಲಾರದು.

ಸಿಸಿಲಿಯಾ ಅವರ ಎರಡನೆಯ ಬೇಡಿಕೆ ಹಾಗೆಯೇ ಉಳಿದಿದೆ. ಮೆಕ್ಸಿಕೋದಲ್ಲಿ ಕಾನೂನುಬದ್ಧವಾಗಿ ಕೋವಿ ಮಾರುವುದು ಸೇನೆ ನಡೆಸುವ ಒಂದೆರಡು ಅಂಗಡಿಗಳು ಮಾತ್ರ. ಅಲ್ಲಿ ವಶವಾಗಿ, ಎಲ್ಲಿಂದ ಬಂದವೆಂದು ಪತ್ತೆಹಚ್ಚಲಾದ ಕೋವಿಗಳಲ್ಲಿ ಹೆಚ್ಚಿನವು ಅಮೆರಿಕದವು. 2021ರಲ್ಲಿ ಮೆಕ್ಸಿಕೋ ಸರಕಾರ ಅಮೆರಿಕದ ಕೋವಿ ತಯಾರಕ ಕಂಪೆನಿಗಳ ವಿರುದ್ಧ ಅಮೆರಿಕದ ನ್ಯಾಯಾಲಯದಲ್ಲೇ ದಾವೆ ಹೂಡಿತು. 2025ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಮ್ಮತದಿಂದ ಅದನ್ನು ತಳ್ಳಿಹಾಕಿತು.