ಕೀಟಕ್ಕೆ ಕೀಟವೇ ಕಾವಲು: ತೋಟದ ಮಿತ್ರಕೀಟಗಳ ಇತಿಹಾಸ

ಬೆಳೆ ತಿನ್ನುವ ಕೀಟವನ್ನು ಅದನ್ನೇ ತಿಂದು ಬದುಕುವ ಇನ್ನೊಂದು ಕೀಟದಿಂದ ಹತೋಟಿಗೆ ತರುವ ಪದ್ಧತಿಗೆ ಜೈವಿಕ ನಿಯಂತ್ರಣ ಎಂದು ಹೆಸರು. ಈ ಕೆಲಸ ಮಾಡುವ ಮಿತ್ರಕೀಟಗಳಲ್ಲಿ ಮುಖ್ಯವಾಗಿ ಎರಡು ಬಗೆ. ಗುಲಗಂಜಿ ಹುಳು, ಜಾಲರೆಕ್ಕೆ ಕೀಟದ ಮರಿ ಮುಂತಾದವು ಬೇಟೆಯನ್ನು ನೇರವಾಗಿ ಹಿಡಿದು ತಿನ್ನುತ್ತವೆ, ಇವು ಪರಭಕ್ಷಕಗಳು. ಕೆಲವು ಸಣ್ಣ ಕಣಜಗಳು ಪೀಡೆಕೀಟದ ಮೊಟ್ಟೆಯೊಳಗೋ ಮರಿಯ ಮೈಯಲ್ಲೋ ತಮ್ಮ ಮೊಟ್ಟೆಯಿಡುತ್ತವೆ. ಅದರಿಂದ ಹುಟ್ಟಿದ ಮರಿ ಆಶ್ರಯ ಕೊಟ್ಟ ಕೀಟವನ್ನೇ ತಿಂದು ಬೆಳೆಯುತ್ತದೆ. ಇವು ಪರತಂತ್ರ ಜೀವಿಗಳು. ಹಿತ್ತಲಲ್ಲಿ, ತಾರಸಿಯ ಮೇಲೆ ವಿಷವಿಲ್ಲದೆ ತರಕಾರಿ ಬೆಳೆಯಬೇಕೆನ್ನುವವರು ಇಂದು ನೆಚ್ಚುವ ಈ ಪದ್ಧತಿಯ ಹಿಂದೆ ಶತಮಾನಗಳ ಸೋಲು ಗೆಲುವುಗಳಿವೆ. ಯಾವ ಕೀಟ ಯಾವುದನ್ನು ತಿನ್ನುತ್ತದೆ ಎಂದು ಸರಿಯಾಗಿ ಗುರುತಿಸಿದಲ್ಲೆಲ್ಲ ಅದು ಗೆದ್ದಿದೆ. ಗುರುತು ತಪ್ಪಿದಲ್ಲಿ ಸೋತಿದೆ, ಇಲ್ಲವೇ ಎಣಿಸದ ಫಲ ಕೊಟ್ಟಿದೆ.

ಇದರ ಬಹು ಹಳೆಯ ದಾಖಲೆ ಚೀನಾದ್ದು. ಕ್ರಿ.ಶ. 304ರಲ್ಲಿ ಜಿ ಹಾನ್ ಬರೆದದ್ದೆನ್ನಲಾದ, ದಕ್ಷಿಣ ಚೀನಾದ ಸಸ್ಯಗಳನ್ನು ಕುರಿತ ಗ್ರಂಥದಲ್ಲಿ ಕಿತ್ತಳೆ ಜಾತಿಯ ಹಣ್ಣಿನ ತೋಟಗಳಿಗೆಂದು ಇರುವೆ ಗೂಡುಗಳನ್ನು ಸಂತೆಯಲ್ಲಿ ಮಾರುತ್ತಿದ್ದ ವಿವರವಿದೆ. ಆ ಇರುವೆಗಳಿಲ್ಲದ ಮರದ ಹಣ್ಣನ್ನು ಹುಳು ಕೆಡಿಸುತ್ತದೆ ಎಂಬುದು ಅಲ್ಲಿನ ಬೆಳೆಗಾರರ ಅನುಭವವಾಗಿತ್ತು. ಅದು ಎಲೆಗಳನ್ನು ಹೆಣೆದು ಮರದ ಮೇಲೆ ಗೂಡು ಕಟ್ಟುವ ಕೆಂಪಿರುವೆ. ಮಲೆನಾಡಿನವರು ಚಗಳಿ ಎಂದು ಕರೆದು ಚಟ್ನಿ ಮಾಡುವುದೂ ಇದೇ ಜಾತಿಯ ಇರುವೆಯನ್ನು. ಆದರೆ ಚಗಳಿ ಎಲ್ಲ ಕಡೆಯೂ ಮಿತ್ರನಲ್ಲ. ಕಾಫಿ ತೋಟದಲ್ಲಿ ಅದು ಕೊಯ್ಲಿನವರನ್ನು ಕಚ್ಚುವುದಲ್ಲದೆ, ಗಿಡದ ರಸ ಹೀರುವ ಶಲ್ಕ ಕೀಟಗಳು ಸುರಿಸುವ ಸಿಹಿ ಅಂಟಿನ ಆಸೆಗೆ ಅವುಗಳ ಕಾವಲಿಗೂ ನಿಲ್ಲುತ್ತದೆ.

ಭಾರತದಲ್ಲಿ ಈ ಚರಿತ್ರೆ ಒಂದು ತಪ್ಪಿನಿಂದ ಶುರುವಾಯಿತು. ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಎಂಬ ಕೀಟದಿಂದ ಬೆಲೆಬಾಳುವ ಕೆಂಪು ಬಣ್ಣ ತೆಗೆಯುತ್ತಿದ್ದರು. ಆ ಉದ್ಯಮವನ್ನು ಇಲ್ಲಿ ಬೆಳೆಸುವ ಆಸೆಯಿಂದ 1795ರಲ್ಲಿ ಬ್ರೆಜಿಲ್‌ನಿಂದ ಕೀಟಗಳನ್ನು ತರಿಸಲಾಯಿತು. ಬಂದದ್ದು ಒಳ್ಳೆಯ ಬಣ್ಣ ಕೊಡುವ ಜಾತಿಯಲ್ಲ, ಅದರ ಹತ್ತಿರದ ಇನ್ನೊಂದು ಜಾತಿ. ಬಣ್ಣದ ಆಸೆ ಕೈಗೂಡಲಿಲ್ಲ. ಆದರೆ ಆ ಕೀಟ ಕಾಡುಬಿದ್ದು ಹರಡಿದ್ದ ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ನೆಲಸಮ ಮಾಡಿತು. ಇದನ್ನು ಗಮನಿಸಿದವರು 1836ರಿಂದ 1838ರ ನಡುವೆ ಕಳ್ಳಿಯ ನಾಶಕ್ಕೆಂದೇ ಅದನ್ನು ದಕ್ಷಿಣ ಭಾರತಕ್ಕೆ ತಂದು ಬಿಟ್ಟರು. 1865ರ ಹೊತ್ತಿಗೆ ಅದು ಶ್ರೀಲಂಕಾಕ್ಕೂ ಹೋಯಿತು. ದಕ್ಷಿಣದಲ್ಲಿ ಹಬ್ಬಿದ್ದ ಇನ್ನೊಂದು ಜಾತಿಯ ಕಳ್ಳಿಯನ್ನು ಮಾತ್ರ ಅದು ಮುಟ್ಟಲಿಲ್ಲ. ಅದಕ್ಕೆ ಒಗ್ಗುವ ಬೇರೆ ಕೊಚಿನೀಲ್ ಜಾತಿ 1926ರಲ್ಲಿ ಶ್ರೀಲಂಕಾದಿಂದ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಆ ಕಳ್ಳಿಯೂ ಹಿಮ್ಮೆಟ್ಟಿತು. ಮೈಸೂರು ಸಂಸ್ಥಾನದಲ್ಲಿ ನಡೆದ ಈ ಕೆಲಸವನ್ನು ಅಲ್ಲಿನ ಕೀಟಶಾಸ್ತ್ರಜ್ಞ ಕೆ. ಕುಂಞಿಕಣ್ಣನ್ 1930ರಲ್ಲಿ ಬರೆದು ಪ್ರಕಟಿಸಿದರು.

ಪೀಡೆಕೀಟದ ಮೇಲೆ ಮಿತ್ರಕೀಟವನ್ನು ಬಿಡುವ ವಿಧಾನಕ್ಕೆ ಲೋಕದ ಮನ್ನಣೆ ಸಿಕ್ಕಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 1880ರ ದಶಕದಲ್ಲಿ ಅಲ್ಲಿನ ಕಿತ್ತಳೆ ತೋಟಗಳಿಗೆ ಹತ್ತಿಯಂಥ ಬಿಳಿ ಮೊಟ್ಟೆಚೀಲ ಹೊರುವ ಒಂದು ಶಲ್ಕ ಕೀಟ ಮುತ್ತಿಕೊಂಡಿತು. ಅದರ ತವರು ಆಸ್ಟ್ರೇಲಿಯಾ ಎಂದು ಗುರುತಿಸಿದ ಕೀಟಶಾಸ್ತ್ರಜ್ಞ ಚಾರ್ಲ್ಸ್ ವ್ಯಾಲೆಂಟೈನ್ ರೈಲಿ, ಅದರ ವೈರಿಯನ್ನೂ ಅಲ್ಲೇ ಹುಡುಕಬೇಕೆಂದು 1888ರಲ್ಲಿ ಆಲ್ಬರ್ಟ್ ಕೋಬೆಲೆಯನ್ನು ಕಳುಹಿಸಿದರು. ಕೋಬೆಲೆಗೆ ಅಲ್ಲಿ ಸಿಕ್ಕಿದ್ದು ಕೆಂಪು ಕಪ್ಪು ಮೈಯ, ರೊಡೋಲಿಯಾ ಎಂಬ ಸಣ್ಣ ಗುಲಗಂಜಿ ಹುಳು. 1889ರ ಜನವರಿ ಹೊತ್ತಿಗೆ ಹಡಗಿನಲ್ಲಿ ಲಾಸ್ ಏಂಜಲಿಸ್ ತಲುಪಿದ 129 ಹುಳುಗಳನ್ನು ಬಟ್ಟೆಯ ಗುಡಾರ ಹೊದಿಸಿದ ಕಿತ್ತಳೆ ಮರದ ಮೇಲೆ ಬಿಟ್ಟರು. ಅವು ಮರವನ್ನು ಸ್ವಚ್ಛಗೊಳಿಸಿದ ಮೇಲೆ ಗುಡಾರ ತೆರೆದರು. ಅದೇ ವರ್ಷದ ಜೂನ್ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಹುಳುಗಳು ಇತರ ಬೆಳೆಗಾರರ ಕೈಸೇರಿದ್ದವು. ಒಂದೆರಡು ವರ್ಷಗಳಲ್ಲಿ ಪೀಡೆ ಅಡಗಿತು. ಅದೇ ಶಲ್ಕ ಕೀಟ ಮುಂದೆ ನೀಲಗಿರಿಯಲ್ಲಿ ಕಾಣಿಸಿಕೊಂಡಾಗ ಅಲ್ಲಿಗೂ ಈ ಗುಲಗಂಜಿ ಹುಳುವನ್ನೇ ತರಿಸಲಾಯಿತು.

ಕರ್ನಾಟಕದ ತೋಟಗಳಿಗೆ ಹೆಚ್ಚು ಆಪ್ತವಾದ ಕಥೆ ಆಸ್ಟ್ರೇಲಿಯಾದ ಮತ್ತೊಂದು ಗುಲಗಂಜಿ ಹುಳು ಕ್ರಿಪ್ಟೋಲೀಮಸ್‌ನದು. ಕಾಫಿಯ ಹಸಿರು ಶಲ್ಕ ಕೀಟವನ್ನು ತಿನ್ನಲೆಂದು 1898ರಲ್ಲಿ ಅದನ್ನು ದಕ್ಷಿಣ ಭಾರತಕ್ಕೆ ತಂದರು. ಶಲ್ಕ ಕೀಟ ಅದರ ನೆಚ್ಚಿನ ಆಹಾರವಲ್ಲದ ಕಾರಣ ಆ ಉದ್ದೇಶ ಈಡೇರಲಿಲ್ಲ. ಆದರೆ ಹುಳು ಇಲ್ಲಿ ನೆಲೆಯೂರಿತು. ಅದಕ್ಕೆ ಇಷ್ಟವಾದದ್ದು ಹಿಟ್ಟು ತಿಗಣೆ. ಕಾಫಿ, ದ್ರಾಕ್ಷಿ, ಸೀಬೆ ಮೊದಲಾದ ಬೆಳೆಗಳಲ್ಲಿ ಹಿಟ್ಟು ತಿಗಣೆಯ ವಿರುದ್ಧ ಅದು ನಂಬಿಕಸ್ಥ ಮಿತ್ರನೆಂದು ಸಾಬೀತಾಗಲು ಮುಕ್ಕಾಲು ಶತಮಾನ ಹಿಡಿಯಿತು.

ಈ ನಡುವೆ ಪರತಂತ್ರ ಜೀವಿಗಳ ಕೆಲಸವೂ ಮೊದಲಾಗಿತ್ತು. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡದಲ್ಲಿ ತೆಂಗಿನ ಕಪ್ಪುತಲೆ ಹುಳುವಿನ ವಿರುದ್ಧ 1920ರ ದಶಕದಲ್ಲೇ ಕಣಜಗಳನ್ನು ಸಾಕಿ ಬಿಡುವ ಪ್ರಯತ್ನ ನಡೆಯಿತು. ಮೈಸೂರು ಸಂಸ್ಥಾನದಲ್ಲಿ ಟಿ.ವಿ. ಸುಬ್ರಹ್ಮಣ್ಯಂ ಕಬ್ಬಿನ ಕೊರಕ ಹುಳುವಿನ ಮೇಲೆ ಬಿಡಲು ಟ್ರೈಕೊಗ್ರಾಮಾ ಕಣಜವನ್ನು ದೊಡ್ಡ ಪ್ರಮಾಣದಲ್ಲಿ ಸಾಕುವ ಪ್ರಯೋಗಗಳ ಫಲಿತಾಂಶವನ್ನು 1937ರಲ್ಲಿ ಪ್ರಕಟಿಸಿದರು. ಒಂದು ಮಿಲಿಮೀಟರ್ ಉದ್ದವೂ ಇಲ್ಲದ ಈ ಕಣಜ ಪತಂಗದ ಮೊಟ್ಟೆಯೊಳಗೆ ಮೊಟ್ಟೆಯಿಡುವುದರಿಂದ ಹುಳು ಹುಟ್ಟುವ ಮೊದಲೇ ಸಾಯುತ್ತದೆ. ಇಂದು ರೈತರು ಕೊಳ್ಳುವ ಟ್ರೈಕೊ ಕಾರ್ಡುಗಳಲ್ಲಿ ಅಂಟಿಸಿರುವುದು ಈ ಕಣಜ ಮೊಟ್ಟೆಯಿಟ್ಟ ಅಕ್ಕಿ ಪತಂಗದ ಮೊಟ್ಟೆಗಳನ್ನೇ.

ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಮತ್ತು ಅದರ ಜೊತೆಗೆ ಬಂದ ರಾಸಾಯನಿಕಗಳು ಈ ಸಾಧನೆಗಳನ್ನೆಲ್ಲ ಮರೆಸಿದವು. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳಿಗೆ ಡಿಡಿಟಿ ಸಿಂಪಡಿಸಿದಾಗ ರೊಡೋಲಿಯಾ ಸತ್ತು, ಐದಾರು ದಶಕ ಅಡಗಿದ್ದ ಶಲ್ಕ ಕೀಟ ಮತ್ತೆ ತಲೆಯೆತ್ತಿತು. ಇದಕ್ಕೆ ಕಾರಣ ಸರಳ. ಎಲೆಯ ಸಂದಿಯಲ್ಲಿ, ಮೇಣದ ಹೊದಿಕೆಯಡಿಯಲ್ಲಿ ಕೂತ ಪೀಡೆಕೀಟದಲ್ಲಿ ಒಂದಷ್ಟು ಹೇಗೋ ಉಳಿದುಕೊಳ್ಳುತ್ತದೆ. ಅದನ್ನು ಹುಡುಕುತ್ತ ಓಡಾಡುವ ಮಿತ್ರಕೀಟಕ್ಕೆ ವಿಷ ಹೆಚ್ಚು ತಗಲುತ್ತದೆ. ಉಳಿದ ಪೀಡೆ ವೈರಿಯೇ ಇಲ್ಲದ ಗಿಡದಲ್ಲಿ ಮೊದಲಿಗಿಂತ ವೇಗವಾಗಿ ಹೆಚ್ಚುತ್ತದೆ.

ಇಂಥ ಅನುಭವಗಳ ಕಾಲದಲ್ಲೇ ಬೆಂಗಳೂರು ಈ ವಿದ್ಯೆಯ ಕೇಂದ್ರವಾಗಿ ಬೆಳೆಯಿತು. 1957ರಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ ಇಲ್ಲಿ ಆರಂಭವಾಯಿತು. 1977ರಲ್ಲಿ ಜೈವಿಕ ನಿಯಂತ್ರಣದ ಅಖಿಲ ಭಾರತ ಸಂಯೋಜಿತ ಯೋಜನೆ ರೂಪುಗೊಂಡಿತು. 1993ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯವೇ ಇಂದಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ.

ಕ್ರಿಪ್ಟೋಲೀಮಸ್ ಸಾಕಣೆ ಹರಡಲು ನೆರವಾದದ್ದು ಸಿಹಿಗುಂಬಳ. ಏಣುಗಳಿರುವ, ಚೆನ್ನಾಗಿ ಬಲಿತ ಕಾಯಿಯನ್ನು ತೊಳೆದು ಒರೆಸಿ, ಗಾಯಗಳಿದ್ದರೆ ಮೇಣದಿಂದ ಮುಚ್ಚಿ, ಅದರ ಮೇಲೆ ಹಿಟ್ಟು ತಿಗಣೆಯ ಮರಿಗಳನ್ನು ಹತ್ತಿಸುತ್ತಾರೆ. ಎರಡು ಮೂರು ವಾರಗಳಲ್ಲಿ ಕಾಯಿಯ ಏಣುಗಳ ನಡುವಿನ ತಗ್ಗುಗಳಲ್ಲಿ ತಿಗಣೆ ಬೆಳ್ಳಗೆ ತುಂಬಿಕೊಳ್ಳುತ್ತದೆ. ಆಗ ಕಾಯಿಯನ್ನು ಪಂಜರದಲ್ಲಿಟ್ಟು ಗುಲಗಂಜಿ ಹುಳುಗಳನ್ನು ಬಿಡುತ್ತಾರೆ. ಅವು ತಿಗಣೆಯ ಮೊಟ್ಟೆಚೀಲಗಳ ನಡುವೆ ತಮ್ಮ ಮೊಟ್ಟೆಯಿಡುತ್ತವೆ. ಸುಮಾರು ಒಂದು ತಿಂಗಳಲ್ಲಿ ಒಂದೇ ಕಾಯಿಯಿಂದ ನೂರಕ್ಕೂ ಹೆಚ್ಚು ಹುಳುಗಳು ಏಳುತ್ತವೆ. ದುಬಾರಿ ಉಪಕರಣ ಬೇಡದ ಈ ವಿಧಾನದಿಂದಾಗಿ ಕಾಫಿ ಮತ್ತು ದ್ರಾಕ್ಷಿ ಬೆಳೆಗಾರರಿಗೆ ಹುಳುಗಳನ್ನು ಒದಗಿಸುವುದು ಸಾಧ್ಯವಾಯಿತು.

ಕಳೆಗಳ ಮೇಲಿನ ಪ್ರಯೋಗಗಳೂ ಮುಂದುವರಿದವು. 1980ರ ದಶಕದ ಮೊದಲಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳವನ್ನು ಮುಚ್ಚಿದ್ದ ಸಾಲ್ವೀನಿಯಾ ಜಲಕಳೆಯನ್ನು ಆಸ್ಟ್ರೇಲಿಯಾದಿಂದ ತಂದ ಮೂತಿಹುಳು 11 ತಿಂಗಳಲ್ಲಿ ತೆರವುಗೊಳಿಸಿತು. ಕಾಂಗ್ರೆಸ್ ಕಳೆಯ ಎಲೆ ತಿನ್ನುವ ಜೈಗೋಗ್ರಾಮಾ ದುಂಬಿಯನ್ನು 1983ರಲ್ಲಿ ಮೆಕ್ಸಿಕೊದಿಂದ ತಂದು ಮರುವರ್ಷ ಬಯಲಿಗೆ ಬಿಟ್ಟರು. ಅದು ಸೂರ್ಯಕಾಂತಿ ಎಲೆಯನ್ನೂ ಕಚ್ಚಿದ ವರದಿಗಳು ಬಂದಾಗ ರೈತರಲ್ಲಿ ಆತಂಕ ಹುಟ್ಟಿ, ಸರ್ಕಾರ ತಜ್ಞರಿಂದ ಪರಿಶೀಲನೆ ನಡೆಸಿತು. ದುಂಬಿ ಸೂರ್ಯಕಾಂತಿಗೆ ಪೀಡೆಯಾಗಲಿಲ್ಲ. ಆದರೆ ಹೊರಗಿನ ಕೀಟವನ್ನು ತರುವಾಗ ಎಷ್ಟು ಪರೀಕ್ಷೆ ಮಾಡಿದರೂ ಸಾಲದು ಎಂಬ ಎಚ್ಚರವನ್ನು ಆ ವಿವಾದ ಮೂಡಿಸಿತು.

ಈ ಶತಮಾನದ ದೊಡ್ಡ ಗೆಲುವು ಪಪ್ಪಾಯಿಯ ಹಿಟ್ಟು ತಿಗಣೆಯ ಮೇಲಿನದು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಇದು ಎರಡೇ ವರ್ಷಗಳಲ್ಲಿ ತಮಿಳುನಾಡು, ಕರ್ನಾಟಕದ ಪಪ್ಪಾಯಿ ಮತ್ತು ಹಿಪ್ಪುನೇರಳೆ ತೋಟಗಳನ್ನು ಹಾಳುಗೆಡವಿತು. ಔಷಧಿ ಸಿಂಪಡಿಸಿದ ಸೊಪ್ಪು ರೇಷ್ಮೆಹುಳುವಿಗೆ ವಿಷವಾದ್ದರಿಂದ ರೇಷ್ಮೆ ಬೆಳೆಗಾರರಿಗೆ ಬೇರೆ ದಾರಿಯೇ ಇರಲಿಲ್ಲ. ತಿಗಣೆಯ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಎಂದು ತಿಳಿದಿದ್ದರಿಂದ, ಅದರ ಮೇಲೆ ಆಗಲೇ ಬೇರೆಡೆ ಗೆದ್ದಿದ್ದ ಮೂರು ಜಾತಿಯ ಕಣಜಗಳನ್ನು 2010ರಲ್ಲಿ ಪೋರ್ಟೊ ರಿಕೊದಿಂದ ಬೆಂಗಳೂರಿಗೆ ತರಿಸಿ, ಪರೀಕ್ಷಿಸಿ, ಸಾಕಿ ಹಂಚಲಾಯಿತು. ಅವುಗಳಲ್ಲಿ ಅಸೆರೊಫೇಗಸ್ ಎಂಬ ಕಣಜ ಹೆಚ್ಚು ಪರಿಣಾಮಕಾರಿಯಾಗಿ, ತೋಟಗಳು ಬೇಗನೆ ಚೇತರಿಸಿಕೊಂಡವು.

ಮನೆತೋಟದ ಮಟ್ಟಿಗೆ ಈ ಚರಿತ್ರೆಯ ಪಾಠ ನೇರವಾಗಿದೆ. ದಾಸವಾಳ, ಸೀಬೆ, ಸೀತಾಫಲದ ಗಿಡಗಳಲ್ಲಿ ಹಿಟ್ಟು ತಿಗಣೆಯ ನಡುವೆ ಅದಕ್ಕಿಂತ ದೊಡ್ಡದಾದ, ಮೈತುಂಬ ಬಿಳಿ ಮೇಣದ ಎಳೆಗಳಿರುವ, ಚುರುಕಾಗಿ ಓಡಾಡುವ ಹುಳು ಕಂಡರೆ ಅದು ತಿಗಣೆಯಲ್ಲ, ಕ್ರಿಪ್ಟೋಲೀಮಸ್‌ನ ಮರಿ. ಪೀಡೆಯೆಂದು ತಿಳಿದು ಇದನ್ನು ಹೊಸಕಿಹಾಕುವವರೇ ಹೆಚ್ಚು. ಎಲೆಯಡಿ ಸಣ್ಣ ದಾರದ ತುದಿಯಲ್ಲಿ ನಿಂತ ಮೊಟ್ಟೆಗಳು ಜಾಲರೆಕ್ಕೆ ಕೀಟದವು. ಅವರೆ, ಅಲಸಂದೆಯ ಹೇನುಗಳ ನಡುವೆ ತೆವಳುವ ಕಾಲಿಲ್ಲದ ಹಸಿರು ಹುಳು ಹೂನೊಣದ ಮರಿ. ಇವು ಉಳಿಯಬೇಕಾದರೆ ಒಂದಿಷ್ಟು ಹೇನು, ತಿಗಣೆಯನ್ನು ಆಹಾರವಾಗಿ ಸಹಿಸಿಕೊಳ್ಳಬೇಕು, ತಿಗಣೆಗೆ ಕಾವಲು ಕಾಯುವ ಇರುವೆಗಳನ್ನು ಗಿಡಕ್ಕೆ ಹತ್ತಗೊಡಬಾರದು. ಕೊತ್ತಂಬರಿ, ಸಬ್ಬಸಿಗೆ, ಸಾಸಿವೆಯ ನಾಲ್ಕು ಗಿಡಗಳನ್ನು ಕೀಳದೆ ಹೂಬಿಡಲು ಬಿಟ್ಟರೆ ಕಣಜ ಮತ್ತು ಹೂನೊಣಗಳಿಗೆ ಮಕರಂದ ಸಿಗುತ್ತದೆ. ಔಷಧಿಯ ಡಬ್ಬಿಗೆ ಕೈಹಾಕುವ ಮೊದಲು ಎಲೆ ಮಗುಚಿ, ಅಲ್ಲಿರುವುದು ಶತ್ರುವೋ ಮಿತ್ರನೋ ಎಂದು ನೋಡುವುದನ್ನು ಪ್ರತಿಯೊಬ್ಬ ಮನೆತೋಟಗಾರರೂ ರೂಢಿಸಿಕೊಳ್ಳಬೇಕು.